ಒಂದೇ ಬಟ್ಟಲಿನ ಎರಡು ಗರಿ

ಕಾರ್ತೀಕ ಮಾಸದ ಕೊನೆಯ ಸೋಮವಾರ ಬಂತೆಂದರೆ ಬೆಂಗಳೂರಿನ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಸುತ್ತಮುತ್ತ ಪರಿಷೆ, ಎಲ್ಲೆಲ್ಲೂ ಕಡಲೆಕಾಯಿಯದ್ದೇ ರಾಶಿ. ಹಸಿಕಾಯಿ, ಬೇಯಿಸಿದ ಕಾಯಿ, ಹುರಿದ ಕಾಯಿ ಎಂದು ಸೇರಿನಲ್ಲಿ ಅಳೆದು ಕೊಡುವವರ ಸಾಲಿನ ನಡುವೆ ಅಲ್ಲೊಬ್ಬರು ಇಲ್ಲೊಬ್ಬರು ಸೀಬೆಕಾಯಿ ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಕಾಯಿಯನ್ನು ನಾಲ್ಕಾಗಿ ಸೀಳಿ, ಬುಡ ಮಾತ್ರ ಬಿಡದಂತೆ ಹೂವಿನ ಹಾಗೆ ಅರಳಿಸಿ, ಒಳಗೆ ಉಪ್ಪು-ಖಾರ ಸವರಿ ಕೈಗಿಡುತ್ತಾರೆ. ಕೆಲವು ವರ್ಷಗಳ ಹಿಂದೆ ಅಂಥದ್ದೊಂದು ಸಂಜೆ ನನ್ನ ಒಂದು ಕೈಯಲ್ಲಿ ಸೀಬೆ ಇತ್ತು, ಇನ್ನೊಂದು ಕೈಯಲ್ಲಿ ಆಗಷ್ಟೇ ಹುರಿದ ಕಡಲೆಕಾಯಿಯ ಪೊಟ್ಟಣ. ಸೀಬೆ ಒಂದು ತುಂಡು ಕಚ್ಚಿ, ನಾಲ್ಕು ಬೀಜ ಬಾಯಿಗೆಸೆದುಕೊಂಡೆ. ಹಣ್ಣಿನ ತಂಪು ರಸ, ಬೀಜದ ಬಿಸಿ ಎಣ್ಣೆ, ನಡುವೆ ಉಪ್ಪು. ಅಗಿಯುತ್ತಾ ನಿಂತಲ್ಲೇ ನಿಂತೆ. ಅಂದಿನಿಂದ ಪ್ರತಿ ಚಳಿಗಾಲವೂ ಆ ತುತ್ತನ್ನು ಬಟ್ಟಲಿಗೆ ತರುವ ಕೆಲಸ ನಡೆದಿದೆ. ಹಣ್ಣು, ಬೀಜ, ಒಂದಿಷ್ಟು ಚೀಸ್, ಒಂದು ಹಿಡಿ ಎಲೆ ಇದ್ದರೆ ಆಯಿತು. ಬೀಜ ಮೊದಲೇ ಹುರಿದಿಟ್ಟಿದ್ದರೆ ಮಾಡಲು ಹನ್ನೆರಡು ನಿಮಿಷ ಸಾಕು.

ಮೊದಮೊದಲು ಅದು ಕೈಗೆ ಹತ್ತಲಿಲ್ಲ. ಮನೆಗೆ ನೆಂಟರು ಬಂದಿದ್ದ ಒಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೇ ಎಲ್ಲವನ್ನೂ ಹೆಚ್ಚಿ, ಉಪ್ಪು ನಿಂಬೆರಸ ಹಾಕಿ ಕಲಸಿ, ಮುಚ್ಚಿಟ್ಟು ಅಡುಗೆಯ ಉಳಿದ ಕೆಲಸಕ್ಕೆ ಹೋದೆ. ಒಂದೂವರೆಗೆ ಮುಚ್ಚಳ ತೆಗೆದರೆ ಬಟ್ಟಲ ತಳದಲ್ಲಿ ಒಂದು ಬೆರಳು ನೀರು. ಸೇಬು ಕಂದಾಗಿತ್ತು. ಹುರಿದ ಕಡಲೆಬೀಜ ಬೇಯಿಸಿದ ಬೀಜದಷ್ಟು ಮೆತ್ತಗಾಗಿತ್ತು. ಎಲೆಯಂತೂ ಒಗೆದು ಹಿಂಡಿದ ಬಟ್ಟೆಯಂತೆ ಬಿದ್ದಿತ್ತು. ಎಲ್ಲರೂ ಮರ್ಯಾದೆಗೆ ಒಂದೊಂದು ಚಮಚ ತಿಂದರು. ಎಲ್ಲಿ ತಪ್ಪಿತು ಎಂದು ಹುಡುಕುತ್ತಾ ಹೋದಾಗಲೇ ಈ ಬಟ್ಟಲಿನ ನಿಜವಾದ ಗುಟ್ಟು ಕಂಡದ್ದು.

ನಾವು ಗರಿಗರಿ ಎನ್ನುವುದರಲ್ಲಿ ಎರಡು ಜಾತಿಯಿದೆ. ಹಪ್ಪಳ, ಸಂಡಿಗೆ, ಚಕ್ಕುಲಿ, ಹುರಿದ ಬೀಜ ಗರಿಯಾಗಿರುವುದು ಒಳಗಿನ ನೀರು ಆರಿ ಹೋಗಿರುವುದರಿಂದ. ಎಳೆ ಮೂಲಂಗಿ, ಸೌತೆ, ದೋರಗಾಯಿ ಸೀಬೆ ಕಚ್ಚಿದಾಗ ಕಟಕ್ಕೆನ್ನುವುದು ಒಳಗೆ ನೀರು ತುಂಬಿ ತುಳುಕುತ್ತಿರುವುದರಿಂದ. ಹುರಿದ ಕಡಲೆಬೀಜದಲ್ಲಿ ನೀರು ನೂರಕ್ಕೆ ಒಂದೆರಡು ಪಾಲು ಮಾತ್ರ. ಸೀಬೆಯಲ್ಲಿ ಅದು ಸುಮಾರು 80, ಸೇಬಿನಲ್ಲಿ 85ರ ಆಸುಪಾಸು, ಲೆಟಿಸ್ ಎಲೆಯಲ್ಲಿ 95. ಬಾಯಿಗೆ ಎರಡೂ ಒಂದೇ ಬಗೆಯ ಸುಖ ಕೊಟ್ಟರೂ ಒಂದು ಇನ್ನೊಂದಕ್ಕೆ ಎಣ್ಣೆ-ಸೀಗೆಕಾಯಿ. ಒಂದೇ ಬಟ್ಟಲಿಗೆ ಬಿದ್ದ ಗಳಿಗೆಯಿಂದ ನೀರು ಹಣ್ಣಿನಿಂದ ಬೀಜದ ಕಡೆಗೆ ಹೊರಡುತ್ತದೆ. ಬೀಜ ಮೆತ್ತಗಾಗುತ್ತದೆ, ಹಣ್ಣು ಸೊರಗುತ್ತದೆ. ಆ ನೀರು ಹೊರಟು ಮುಟ್ಟುವುದರೊಳಗೆ ನಾವು ತಿಂದು ಮುಗಿಸಬೇಕು. ಈ ಸಲಾಡ್ ಬೇಗ ಆಗಬೇಕೆನ್ನುವುದು ನಮ್ಮ ಅವಸರಕ್ಕಾಗಿ ಅಲ್ಲ, ಅದರ ಹುಟ್ಟುಗುಣವೇ ಹಾಗೆ. ರಸ್ತೆಬದಿಯ ಚುರುಮುರಿ ಗಾಡಿಯವರು ನಾವು ಕೇಳಿದ ಮೇಲೆಯೇ ಮಂಡಕ್ಕಿಗೆ ಈರುಳ್ಳಿ ಟೊಮೆಟೊ ಹಾಕುತ್ತಾರಲ್ಲ, ಮೊದಲೇ ಕಲಸಿಟ್ಟ ಚುರುಮುರಿಯನ್ನು ಯಾವ ಗಾಡಿಯಲ್ಲೂ ನೋಡಿಲ್ಲವಲ್ಲ, ಅದೂ ಇದೇ ಕಾರಣಕ್ಕೆ.

ಹಣ್ಣು-ತರಕಾರಿಯ ಒಳಗೆ ನೀರು ಸುಮ್ಮನೆ ನಿಂತಿರುವುದಿಲ್ಲ. ಪ್ರತಿ ಜೀವಕೋಶವೂ ನೀರು ತುಂಬಿದ ಪುಟ್ಟ ಚೀಲ. ಚೀಲದ ಸುತ್ತ ಗಟ್ಟಿ ಗೋಡೆ, ಒಳಗಿನಿಂದ ನೀರು ಆ ಗೋಡೆಯನ್ನು ಒತ್ತುತ್ತಲೇ ಇರುತ್ತದೆ. ತಾಜಾ ಎಲೆಯ ಕೋಶದೊಳಗಿನ ಈ ಒತ್ತಡ ಕಾರಿನ ಟೈರಿನೊಳಗಿನ ಒತ್ತಡವನ್ನೂ ಮೀರಬಲ್ಲದು. ಹಲ್ಲು ತಾಗಿದಾಗ ಆ ಚೀಲಗಳು ಸಾಲಾಗಿ ಒಡೆದು ರಸ ಚಿಮ್ಮುತ್ತದೆ, ಕಿವಿಗೆ ಸದ್ದು ಕೇಳುತ್ತದೆ. ಹಳೆಯ ಸೇಬು ಹಿಟ್ಟುಹಿಟ್ಟಾಗಿ ಒಣಗಿದಂತೆ ಅನಿಸುವುದು ಅದರಲ್ಲಿ ನೀರಿಲ್ಲದೆ ಅಲ್ಲ. ಕೋಶಗಳನ್ನು ಒಂದಕ್ಕೊಂದು ಅಂಟಿಸಿದ್ದ ಪೆಕ್ಟಿನ್ ಎಂಬ ಗೋಂದು ಕರಗಿರುತ್ತದೆ. ಕಚ್ಚಿದಾಗ ಚೀಲಗಳು ಒಡೆಯದೆ, ಬಿಡಿಬಿಡಿಯಾಗಿ ಜಾರಿಕೊಳ್ಳುತ್ತವೆ. ರಸ ಒಳಗೇ ಉಳಿದು ನಾಲಿಗೆಗೆ ಬರೀ ಪುಡಿ ಸಿಗುತ್ತದೆ. ನಮ್ಮ ಪೇಟೆಗಳಲ್ಲಿ ಡಿಸೆಂಬರ್-ಜನವರಿಯಲ್ಲಿ ಸಿಗುವ ಕಾಶ್ಮೀರ, ಹಿಮಾಚಲದ ಸೇಬು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕಿತ್ತು ಶೀತಲಗೃಹದಲ್ಲಿಟ್ಟದ್ದು. ಚೆನ್ನಾಗಿ ಇಟ್ಟಿದ್ದರೆ ಕಟಕ್ಕೆನ್ನುತ್ತದೆ, ಇಲ್ಲವಾದರೆ ಹಿಟ್ಟು. ಕೊಳ್ಳುವ ಮುನ್ನ ಬೆರಳಿನಿಂದ ತಟ್ಟಿ ನೋಡುತ್ತೇನೆ. ಮಂದವಾದ ಪೊಳ್ಳು ಸದ್ದು ಬಂದರೆ ಅಲ್ಲೇ ಬಿಟ್ಟು ಬರುತ್ತೇನೆ.

ಈ ಒತ್ತಡಕ್ಕೆ ದೊಡ್ಡ ಶತ್ರು ಉಪ್ಪು. ಹೋಳಿನ ಮೇಲೆ ಉಪ್ಪು ಬಿದ್ದರೆ ಹೊರಗಿನ ದ್ರವ ಒಳಗಿನದಕ್ಕಿಂತ ಗಾಢವಾಗುತ್ತದೆ, ಕೋಶದ ನೀರು ಗೋಡೆ ದಾಟಿ ಹೊರಗೆ ಬರುತ್ತದೆ, ಚೀಲ ಜೋತುಬೀಳುತ್ತದೆ. ಶಾಲೆಯಲ್ಲಿ ಆಸ್ಮಾಸಿಸ್ ಎಂದು ಕಲಿತದ್ದು ಇದನ್ನೇ. ಆದರೆ ನಮ್ಮ ಅಡುಗೆಮನೆಗೆ ಇದು ಪಾಠಪುಸ್ತಕಕ್ಕಿಂತ ಬಹಳ ಮೊದಲೇ ಗೊತ್ತಿತ್ತು. ರಾಮನವಮಿಗೆ ನೆನೆಸಿದ ಹೆಸರುಬೇಳೆ, ಕೊಚ್ಚಿದ ಸೌತೆಕಾಯಿ, ಕಾಯಿತುರಿ, ಒಗ್ಗರಣೆ ಎಲ್ಲ ಸಿದ್ಧವಾಗಿದ್ದರೂ ನನ್ನ ಅಜ್ಜಿ ಕೋಸಂಬರಿಗೆ ಉಪ್ಪನ್ನು ಮುಟ್ಟಿಸುತ್ತಿರಲಿಲ್ಲ. ಪಡಸಾಲೆಯಲ್ಲಿ ಎಲೆ ಹಾಕಿ, ನೀರು ಚಿಮುಕಿಸಿ, ಎಲ್ಲರೂ ಕೂತದ್ದನ್ನು ಬಾಗಿಲಲ್ಲಿ ನಿಂತು ನೋಡಿ ಬಂದು "ಈಗ ಹಾಕೇ ಉಪ್ಪು, ಮುಂಚೆ ಹಾಕಿದ್ರೆ ನೀರು ಬಿಟ್ಕೊಳ್ಳುತ್ತೆ" ಎನ್ನುತ್ತಿದ್ದರು. ಆ ನೆಂಟರ ಭಾನುವಾರ ನಾನು ಮರೆತದ್ದು ಈ ಒಂದು ಮಾತನ್ನು.

ಹಣ್ಣು-ಬೀಜದ ಸಲಾಡ್‌ಗಳಲ್ಲಿ ಜಗತ್ತಿಗೆಲ್ಲ ಹೆಸರಾದದ್ದು ನ್ಯೂಯಾರ್ಕಿನ ವಾಲ್ಡಾರ್ಫ್ ಹೋಟೆಲಿನದು. ಈಗ ಎಂಪೈರ್ ಸ್ಟೇಟ್ ಕಟ್ಟಡ ನಿಂತಿರುವ ಜಾಗದಲ್ಲಿ 1893ರಲ್ಲಿ ಆ ಹೋಟೆಲ್ ಶುರುವಾಯಿತು. ಅಲ್ಲಿ ಊಟದ ಸಾಲೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದವರು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಆಸ್ಕರ್ ಚಿರ್ಕಿ. ಅವರು ಅಡುಗೆಭಟ್ಟರಲ್ಲ, ಆದರೂ 1896ರಲ್ಲಿ ಅವರ ಹೆಸರಿನಲ್ಲಿ ಬಂದ ದಪ್ಪ ಅಡುಗೆ ಪುಸ್ತಕದಲ್ಲಿ ಈ ಸಲಾಡ್ ಇದೆ. ಸೇಬಿನ ಹೋಳು, ಅದೇ ಅಳತೆಗೆ ಕತ್ತರಿಸಿದ ಸೆಲೆರಿ ದಂಟು, ಮೇಲೆ ಒಳ್ಳೆಯ ಮೇಯನೇಸ್. ಅಷ್ಟೇ. ಅಕ್ರೋಟು ಆ ಪಾಕದಲ್ಲಿಲ್ಲ, ಅದು ಸೇರಿಕೊಂಡದ್ದು ಆಮೇಲೆ. ಸೇಬು, ಸೆಲೆರಿ ಎರಡೂ ನೀರಿನ ಗರಿ. ಅಕ್ರೋಟು ಬಂದ ಮೇಲೆಯೇ ಒಣ ಗರಿ ಜೊತೆಯಾದದ್ದು. ಅದಿಲ್ಲದ ವಾಲ್ಡಾರ್ಫ್ ಸಲಾಡನ್ನು ಇವತ್ತು ಯಾರೂ ಒಪ್ಪುವುದಿಲ್ಲ. ಮೇಯನೇಸ್ ಬಗ್ಗೆ ಮಾತ್ರ ನನ್ನ ತಕರಾರಿದೆ. ಅಷ್ಟು ದಪ್ಪ ಹೊದಿಕೆಯಡಿ ಹಣ್ಣಿನ ಪರಿಮಳ ಉಸಿರುಗಟ್ಟುತ್ತದೆ.

ಹಸಿ ಎಲೆಗೆ ಬೀಜ ಸೇರಿಸುವುದು ನಮಗೇನೂ ಹೊಸದಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿಯ ಪಕ್ಕ ಹಸಿ ಮೆಂತ್ಯದ ಪಚಡಿ ಇರುತ್ತದೆ. ಸೊಪ್ಪು, ಈರುಳ್ಳಿ, ಶೇಂಗಾಪುಡಿ, ಹಸಿ ಎಣ್ಣೆ, ಉಪ್ಪು. ಹೊಲದಲ್ಲಿ ತಾನಾಗಿ ಬೆಳೆಯುವ ಹಕ್ಕರಕಿಯನ್ನಂತೂ ತೊಳೆದು ಹಾಗೇ ಕಡಿದುಕೊಂಡು ತಿನ್ನುತ್ತಾರೆ. ಲೆಟಿಸ್‌ಗಿಂತ ಆ ಹಕ್ಕರಕಿಯೇ ನನಗೆ ಈ ಸಲಾಡ್‌ಗೆ ಇಷ್ಟ. ಅದರ ಸಣ್ಣ ಕಹಿ ಹಣ್ಣಿನ ಸಿಹಿಗೆ ಕಡಿವಾಣ ಹಾಕುತ್ತದೆ. ಸಿಗದ ಊರಿನಲ್ಲಿ ಎಳೆ ಮೆಂತ್ಯದ ಎಲೆ, ಎಳೆ ಮೂಲಂಗಿ ಸೊಪ್ಪು ಅಥವಾ ಲೆಟಿಸ್ ನಡೆಯುತ್ತದೆ. ಲೆಟಿಸ್ ತಂಪು ಹವೆಯ ಬೆಳೆ, ಸೆಕೆಯಲ್ಲಿ ಬೇಗ ಹೂಗೊಂಚಲಿಗೆ ಹೋಗಿ ಕಹಿಯಾಗುತ್ತದೆ. ಅದಕ್ಕೇ ಚಳಿಗಾಲದ ಲೆಟಿಸ್ ರುಚಿಯೇ ಬೇರೆ. ತಂದ ಎಲೆ ಬಾಡಿದ್ದರೆ ಫ್ರಿಜ್ಜಿನ ತಣ್ಣೀರಿನಲ್ಲಿ ಕಾಲುಗಂಟೆ ಮುಳುಗಿಸಿಡಿ. ಸೋರಿಹೋದ ನೀರನ್ನು ಕೋಶಗಳು ಮತ್ತೆ ಕುಡಿದು ಎದ್ದು ಕೂರುತ್ತವೆ. ಆಮೇಲೆ ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ, ಅಂಗಳದಲ್ಲಿ ನಿಂತು ಗಿರ್ರನೆ ಬೀಸಿ ನೀರು ಹಾರಿಸಿಬಿಡಬೇಕು. ಎಲೆಯ ಮೇಲೆ ಹನಿ ಉಳಿದರೆ ಎಣ್ಣೆ ಹತ್ತುವುದಿಲ್ಲ.

ಹಣ್ಣಿಗೆ ಬರೋಣ. ಸೀಬೆ ಪೂರ್ತಿ ಹಣ್ಣಾಗಿರಬಾರದು, ಹಸಿರು ತುಸು ತಿರುಗಿ ಹಳದಿಯಾಗುತ್ತಿರುವ ದೋರಗಾಯಿ ಬೇಕು. ಬೀಜದ ತಿರುಳನ್ನು ಚಮಚದಲ್ಲಿ ತೆಗೆದುಬಿಡಿ, ಹೊರಗಿನ ಗಟ್ಟಿ ಭಾಗ ಮಾತ್ರ ಸಾಕು. ಹಲ್ಲಿಗೆ ಸಣ್ಣ ಮರಳಿನಂತೆ ತಾಗುವ ಕಣಗಳು ಸೀಬೆಯ ಕಲ್ಲುಕೋಶಗಳು, ಅವೂ ಗರಿಗೆ ಕೈ ಜೋಡಿಸುತ್ತವೆ. ವಿಟಮಿನ್ ಸಿ ಎಂದರೆ ಎಲ್ಲರೂ ಕಿತ್ತಳೆಯನ್ನು ನೆನೆಯುತ್ತಾರೆ. ನೂರು ಗ್ರಾಂ ಕಿತ್ತಳೆಯಲ್ಲಿ ಅದು 50 ಮಿಲಿಗ್ರಾಂ ಚಿಲ್ಲರೆ ಇದ್ದರೆ ಸೀಬೆಯಲ್ಲಿ 200 ದಾಟುತ್ತದೆ. ಹೆಚ್ಚಿದ ಸೀಬೆ ಸೇಬಿನಷ್ಟು ಬೇಗ ಕಂದಾಗುವುದೂ ಇಲ್ಲ. ಸೇಬಿನ ಕೋಶ ಸೀಳಿದಾಗ ಒಳಗಿನ ಕಿಣ್ವ ಗಾಳಿಯ ಆಮ್ಲಜನಕ ಸೇರಿ ಬಣ್ಣ ತಿರುಗಿಸುತ್ತದೆ, ಹುಳಿ ತಾಕಿದರೆ ಆ ಕಿಣ್ವ ಮಂಕಾಗುತ್ತದೆ. ಹೀಗಾಗಿ ಸೇಬನ್ನು ಕೊನೆಗೆ ಹೆಚ್ಚಿ, ಹೆಚ್ಚಿದ ಕೂಡಲೇ ನಿಂಬೆರಸಕ್ಕೆ ಹಾಕಿ ಹೊರಳಿಸುವುದು ಲೇಸು.

ಚಕ್ಕೋತವನ್ನು ಬಿಟ್ಟು ಈ ಸಲಾಡ್ ಮಾಡಲು ನನಗೆ ಮನಸ್ಸಾಗುವುದಿಲ್ಲ. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ತಳಿ ಉಳಿದಿರುವ ತೋಟಗಳು ವಿಮಾನ ನಿಲ್ದಾಣದ ಸುತ್ತ ಬೆಳೆದ ಬಡಾವಣೆಗಳ ನಡುವೆ ಕಡಿಮೆಯಾಗುತ್ತಿವೆ. ಕಂಡಾಗ ಒಂದು ಹಣ್ಣು ಹೆಚ್ಚೇ ತನ್ನಿ. ದಪ್ಪ ಸಿಪ್ಪೆಗೆ ಚಾಕುವಿನಲ್ಲಿ ಮೇಲಿಂದ ಕೆಳಕ್ಕೆ ಐದಾರು ಗೀಟು ಹಾಕಿ, ಹೆಬ್ಬೆರಳು ತೂರಿಸಿ ಎಳೆದರೆ ಹತ್ತಿಯಂಥ ಬಿಳಿ ಪದರದ ಸಮೇತ ಬರುತ್ತದೆ. ತೊಳೆಯ ಮೇಲಿನ ಪೊರೆಯನ್ನು ಪೂರ್ತಿ ಸುಲಿಯಬೇಕು, ಕಹಿಯ ಬಹುಪಾಲು ಅಲ್ಲೇ ಇರುವುದು. ನಾರಿಂಜಿನ್ ಎಂಬ ಪದಾರ್ಥದ ಕಹಿ ಅದು. ಪೊರೆ ಹೋದ ಮೇಲೆ ಉಳಿಯುವ ತಿರುಳನ್ನು ಬೆರಳಲ್ಲಿ ಬಿಡಿಸಿದರೆ ಅಕ್ಕಿಕಾಳಿನಂಥ ರಸದ ಸಂಚಿಗಳು ಒಂದೂ ಒಡೆಯದೆ ಕೈಗೆ ಬರುತ್ತವೆ. ಕಿತ್ತಳೆ, ಮೂಸಂಬಿ ಇಷ್ಟು ಹೊತ್ತು ರಸ ಹಿಡಿದಿಡುವುದಿಲ್ಲ, ಬಟ್ಟಲಲ್ಲೇ ಸೋರಿಬಿಡುತ್ತವೆ. ಚಕ್ಕೋತದ ಸಂಚಿ ಒಡೆಯುವುದು ಹಲ್ಲಿನಡಿ ಮಾತ್ರ. ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಕೊಲೆಸ್ಟೆರಾಲ್‌ಗೆ, ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳಿಗೂ ಚಕ್ಕೋತಕ್ಕೂ ಆಗಿಬರುವುದಿಲ್ಲ, ಔಷಧಿ ಮೈಯಲ್ಲಿ ಮಿತಿಗಿಂತ ಹೆಚ್ಚು ಉಳಿಯಬಹುದು. ಅಂಥ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು. ಅವರಿಗೆ ವಿಜಯಪುರ, ಬಾಗಲಕೋಟೆ ಕಡೆಯ ದಾಳಿಂಬೆ ಇದೆ, ಆ ಕಾಳೂ ಬಾಯಲ್ಲೇ ಒಡೆಯುತ್ತದೆ.

ಬೀಜದ ಮಾತು. ಪರಿಷೆಯಿಂದ ತಂದ ಹೊಸ ಕಡಲೆಬೀಜವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಅವಸರಕ್ಕೆ ಉರಿ ಏರಿಸಿದರೆ ಸಿಪ್ಪೆ ಕಪ್ಪಾಗಿ ಒಳಗು ಹಸಿಯಾಗಿಯೇ ಉಳಿಯುತ್ತದೆ. ಬಾಣಲೆಯಿಂದ ಇಳಿಸಿದಾಗ ಬೀಜ ಮೆತ್ತಗೇ ಇರುತ್ತದೆ, ಗರಿ ಬರುವುದು ಆರಿದ ಮೇಲೆ. ಆರುವ ಮುಂಚೆ ಡಬ್ಬಿಗೆ ತುಂಬಿದರೆ ಹಬೆ ಅಲ್ಲೇ ಸಿಕ್ಕಿಬಿದ್ದು ಕೆಲಸ ಕೆಡುತ್ತದೆ. ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿ, ಎರಡು ಬೇಳೆಯಾಗಿಸಿ, ಅದರ ಮೂತಿಯನ್ನೂ ತೆಗೆದರೆ ಆಯಿತು. ಸಂಕ್ರಾಂತಿಯ ಎಳ್ಳು-ಬೆಲ್ಲಕ್ಕೆ ನಾವು ಮಾಡಿಕೊಳ್ಳುವುದು ಇದನ್ನೇ. ಹಬ್ಬ ಕಳೆದು ಡಬ್ಬಿಯಲ್ಲಿ ಉಳಿದ ಎಳ್ಳು, ಕಡಲೆಬೀಜ, ಕೊಬ್ಬರಿ ಚೂರುಗಳಿಗೆ ಈ ಸಲಾಡ್‌ಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಬೆಲ್ಲದ ಅಚ್ಚಿನ ಒಂದೆರಡು ಚೂರು ಜೊತೆಗೆ ಬಂದರೂ ಬರಲಿ. ಅಕ್ರೋಟು ಹಾಕುವವರು ಮೊದಲು ಒಂದನ್ನು ಕಚ್ಚಿ ನೋಡಬೇಕು. ಅದರಲ್ಲಿ ನೂರಕ್ಕೆ 65ರಷ್ಟು ಎಣ್ಣೆ, ಅದೂ ಗಾಳಿ ತಾಕಿದರೆ ಬೇಗ ಕೆಡುವ ಬಗೆಯದು. ಕಮಟು ಹತ್ತಿದ ಒಂದೇ ಅಕ್ರೋಟು ಇಡೀ ಬಟ್ಟಲನ್ನು ಹಾಳುಮಾಡುತ್ತದೆ.

ಇನ್ನು ಚೀಸ್. ನಮ್ಮ ಇಂಗ್ಲಿಷ್-ಕನ್ನಡ ನಿಘಂಟುಗಳಲ್ಲಿ ಚೀಸ್ ಎಂದರೆ ಗಿಣ್ಣು ಎಂದೇ ಇರುತ್ತಿತ್ತು. ಗಿಣ್ಣು ಕರು ಹಾಕಿದ ಹಸುವಿನ ಮೊದಲ ಹಾಲಿನದು, ಬೆಲ್ಲ ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಸವಿ. ಚೀಸ್‌ಗೂ ಅದಕ್ಕೂ ನಂಟಿಲ್ಲ. ಹಾಲಿಗೆ ಹೆಪ್ಪಿನ ಸೂಕ್ಷ್ಮಜೀವಿ, ರೆನ್ನೆಟ್ ಎಂಬ ಕಿಣ್ವ ಸೇರಿಸಿ, ಗಟ್ಟಿಯಾದ ಮೊಸರನ್ನು ಕಡಿದು, ನೀರು ಬಸಿದು, ಉಪ್ಪು ಕೊಟ್ಟು, ಹಲವು ಬಗೆಗಳನ್ನು ವಾರ, ತಿಂಗಳುಗಟ್ಟಲೆ ಮಾಗಿಸುತ್ತಾರೆ. ಬೆಂಗಳೂರಿನಲ್ಲೇ ವಲ್ಲೊಂಬ್ರೊಸಾ ಪಂಥದ ಬೆನೆಡಿಕ್ಟೈನ್ ಸಂನ್ಯಾಸಿಗಳು ಇಟಲಿಯ ಪದ್ಧತಿಯಲ್ಲಿ ಮೊಜಾರೆಲ್ಲಾ ಮಾಡುತ್ತಾ ಬಂದಿದ್ದಾರೆ. ಆದರೆ ಈ ಸಲಾಡ್‌ಗೆ ಆ ಮೆದು ಹಸಿ ಚೀಸ್ ಬೇಡ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಗಟ್ಟಿಯಾಗಿ ಮಾಗಿದ್ದು ಬೇಕು. ಪಾರ್ಮಿಜಾನೊ ಜಾತಿಯದರಲ್ಲಿ ನೀರು ನೂರಕ್ಕೆ ಮೂವತ್ತರ ಆಸುಪಾಸು. ಒಳ್ಳೆಯ ಚೆಡ್ಡಾರ್ ಕೂಡ ಸರಿಯೇ.

ಚೀಸ್ ಇಲ್ಲಿ ಬರೀ ರುಚಿಗೆ ಬಂದ ನೆಂಟನಲ್ಲ, ಅದಕ್ಕೊಂದು ಕೆಲಸವಿದೆ. ಅಜ್ಜಿಯ ಕೋಸಂಬರಿಯ ತೊಡಕನ್ನು ಅದು ಬಿಡಿಸುತ್ತದೆ. ಸಲಾಡ್‌ಗೆ ಬೇಕಾದ ಉಪ್ಪನ್ನು ಕೊಬ್ಬು-ಪ್ರೋಟೀನಿನ ಒಳಗೆ ಹಿಡಿದಿಟ್ಟುಕೊಂಡು ಬರುತ್ತದೆ. ಹಣ್ಣಿನ ಹೋಳಿಗೆ ಆ ಉಪ್ಪು ತಾಕುವುದು ನಿಧಾನ, ನಾಲಿಗೆಗೆ ಮಾತ್ರ ತಕ್ಷಣ. ಹೀಗಾಗಿ ಹಣ್ಣಿನ ಮೇಲೆ ಉಪ್ಪು ಉದುರಿಸುವ ಕೆಲಸವೇ ಬಹುಮಟ್ಟಿಗೆ ತಪ್ಪುತ್ತದೆ. ಉಪ್ಪಿಗೆ ಕಹಿಯನ್ನು ಅಡಗಿಸುವ ಗುಣವೂ ಇದೆ. ಚಕ್ಕೋತದ ಒಂದು ತೊಳೆ, ಚೀಸಿನ ಒಂದು ಚೂರು ಒಟ್ಟಿಗೆ ಬಾಯಿಗೆ ಹಾಕಿಕೊಂಡು ನೋಡಿ, ಅದೇ ಹಣ್ಣು ಹೆಚ್ಚು ಸಿಹಿಯಾಗಿ ಕಾಣುತ್ತದೆ. ಪರಿಷೆಯಲ್ಲಿ ಸೀಬೆಗೆ ಸವರಿಕೊಟ್ಟ ಉಪ್ಪು ಮಾಡಿದ್ದೂ ಇದನ್ನೇ.

ಮಾಗಿದ ಚೀಸ್ ದುಬಾರಿ, ಎಲ್ಲ ಊರಿನಲ್ಲಿ ಸಿಗುವುದೂ ಇಲ್ಲ. ಪನೀರ್ ಸಿಗುತ್ತದೆ. ಆದರೆ ಅದರಲ್ಲಿ ಉಪ್ಪಿಲ್ಲ, ನೀರು ಹೆಚ್ಚು. ಎರಡಕ್ಕೂ ಉಪಾಯವಿದೆ. ಪನೀರನ್ನು ಕಡಲೆಕಾಳಿಗಿಂತ ತುಸು ದೊಡ್ಡ ತುಂಡುಗಳಾಗಿ ಕತ್ತರಿಸಿ, ಒಂದು ಲೋಟ ನೀರಿಗೆ ಒಂದು ಚಮಚ ಉಪ್ಪು ಕರಗಿಸಿ ಅದರಲ್ಲಿ ಅರ್ಧ ಗಂಟೆ ಬಿಡಿ. ಬಸಿದು, ಬಟ್ಟೆಯಲ್ಲಿ ಒತ್ತಿ, ಕಾದ ಕಾವಲಿಯ ಮೇಲೆ ಎಣ್ಣೆಯಿಲ್ಲದೆ ಎರಡು ನಿಮಿಷ ಆಡಿಸಿ. ಹುಳಿ ಹಾಕಿ ಒಡೆದ ಹಾಲಿನದಾದ್ದರಿಂದ ಪನೀರ್ ಚೀಸಿನಂತೆ ಕರಗಿ ಹರಿಯುವುದಿಲ್ಲ, ಹೊರಮೈ ಒಣಗಿ ಕೆಂಪಗೆ ಚುಕ್ಕೆ ಬೀಳುತ್ತದೆ. ಪೂರ್ತಿ ಆರಿಸಿ ಹಾಕಿ. ಅಂಗಡಿಯ ಡಬ್ಬಿಯ ಸಂಸ್ಕರಿತ ಚೀಸನ್ನು ನಾನು ಬಳಸುವುದಿಲ್ಲ. ಅದು ಹಲ್ಲಿಗೆ ಮೆತ್ತಿಕೊಂಡು ಎರಡು ಗರಿಯ ಸದ್ದನ್ನೂ ಮುಚ್ಚಿಬಿಡುತ್ತದೆ.

ನಾಲ್ಕು ಜನಕ್ಕೆ ನನ್ನ ಲೆಕ್ಕ ಹೀಗೆ. ಎರಡು ಸೀಬೆ, ಒಂದು ಸೇಬು, ಚಕ್ಕೋತದ ಆರು ತೊಳೆ, ನಾಲ್ಕು ಎಳೆ ಮೂಲಂಗಿ, ಎರಡು ಹಿಡಿ ಎಲೆ, ಅರ್ಧ ಬಟ್ಟಲು ಹುರಿದ ಬೀಜ, 80 ಗ್ರಾಂ ಚೀಸ್ ಅಥವಾ ಅದರ ಒಂದೂವರೆ ಪಟ್ಟು ಪನೀರ್. ಕಲಸುವ ಬಟ್ಟಲ ತಳದಲ್ಲಿ ಮೊದಲು ಒಂದು ನಿಂಬೆಹಣ್ಣಿನ ರಸ, ಒಂದು ಚಮಚ ಜೇನು, ಚಿಟಿಕೆ ಸಾಸಿವೆ ಪುಡಿ, ನಾಲ್ಕು ಕಾಳು ಜಜ್ಜಿದ ಮೆಣಸು. ಅದಕ್ಕೆ ಮೂರು ಚಮಚ ಗಾಣದ ಕಡಲೆಕಾಯಿ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತಾ ಕಡೆಯಿರಿ. ಎಣ್ಣೆ-ರಸ ಬೇರೆಬೇರೆ ನಿಲ್ಲದಂತೆ ಸಾಸಿವೆ ಎರಡನ್ನೂ ಹಿಡಿದುಕೊಳ್ಳುತ್ತದೆ. ಕೋಸಂಬರಿಯ ಅಭ್ಯಾಸಕ್ಕೆ ಬಿಸಿ ಒಗ್ಗರಣೆ ಕೊಡಬೇಕೆಂದು ಕೈ ಹೋಗುತ್ತದೆ. ಇಲ್ಲಿ ಬೇಡ, ಎಲೆ ಅಲ್ಲೇ ಬೇಯುತ್ತದೆ. ಎಣ್ಣೆ ತಣ್ಣಗಿದ್ದರೂ ಎಲೆಗೆ ಅದರ ಸಹವಾಸ ಹೆಚ್ಚು ಹೊತ್ತು ಒಗ್ಗದು. ಎಲೆಯ ಮೈಮೇಲಿನ ಮೇಣದ ಪದರ ನೀರನ್ನು ದೂರವಿಡುತ್ತದೆ, ಎಣ್ಣೆಯನ್ನು ತಡೆಯಲಾರದು.

ಈ ರಸಕ್ಕೆ ಸೇಬು ಹೆಚ್ಚಿ ಹಾಕಿ ಹೊರಳಿಸಿ. ಮೇಲೆ ಸೀಬೆ, ತೆಳುವಾಗಿ ಬಿಲ್ಲೆ ಕತ್ತರಿಸಿದ ಮೂಲಂಗಿ. ಅದರ ಮೇಲೆ ಎಲೆ ಹರಡಿ, ಎಲೆಯ ಮೇಲೆ ಚಕ್ಕೋತ, ಚೀಸ್. ಇನ್ನೂ ಕಲಸಬೇಡಿ. ಹೀಗೆ ಪದರವಾಗಿ ಇಟ್ಟರೆ ಎಲೆ ರಸಕ್ಕೆ ತಾಗದೆ, ಕಾಲುಗಂಟೆ ತಣ್ಣಗೆ ಕಾದಿರುತ್ತದೆ. ಬೀಜ ಮಾತ್ರ ಬೇರೆ ಡಬ್ಬಿಯಲ್ಲಿರಲಿ. ತಟ್ಟೆ ಹಾಕಿ, ಎಲ್ಲರನ್ನೂ ಕರೆದು ಕೂರಿಸಿ, ಆಮೇಲೆ ಬೀಜ ಸುರಿದು ಎರಡೂ ಕೈಯಿಂದ ತಳದಿಂದ ಮೇಲಕ್ಕೆ ನಾಲ್ಕೈದು ಸಲ ಎತ್ತಿ ಬಿಡಿ. ಚಮಚದಲ್ಲಿ ತಿರುವಿದರೆ ಹಣ್ಣು ಜಜ್ಜಿಹೋಗುತ್ತದೆ. ಒಂದು ಚೂರು ತಿಂದು ನೋಡಿ, ಬೇಕೆನಿಸಿದರಷ್ಟೇ ಚಿಟಿಕೆ ಉಪ್ಪು.

ನಮ್ಮ ಮನೆಯಲ್ಲಿ ಆ ಗಳಿಗೆಗೆ ಮಾತು ನಿಲ್ಲುತ್ತದೆ. ನಾಲ್ಕು ಜನ ಅಗಿಯುವ ಸದ್ದು ಮಾತ್ರ ಕೇಳುತ್ತಿರುತ್ತದೆ. ಬಟ್ಟಲು ಬರಿದಾದ ಮೇಲೆ ತಳದಲ್ಲಿ ಎರಡು ಮೂರು ಚಮಚ ರಸ ಉಳಿದಿರುತ್ತದೆ. ನಿಂಬೆ, ಜೇನು, ಎಣ್ಣೆ, ಸೀಬೆಯಿಂದ ಕೊನೆಗೂ ಜಾರಿದ ನೀರು, ಚೀಸಿನಿಂದ ಬಿಟ್ಟ ಉಪ್ಪು ಎಲ್ಲ ಅದರಲ್ಲಿರುತ್ತವೆ. ಕೋಸಂಬರಿಯ ಪಾತ್ರೆಯ ತಳದ ನೀರಿಗೆ ನಾವು ಅಕ್ಕ-ತಂಗಿಯರು ಜಗಳವಾಡುತ್ತಿದ್ದೆವು. ಈಗ ಮಗಳು ಯಾರನ್ನೂ ಕೇಳದೆ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಕುಡಿದುಬಿಡುತ್ತಾಳೆ.